ಸಿರಿ ಪಾಡ್ದನದ ಪ್ರಯಾಣಭಾಗ: ಒಂದು ಐತಿಹಾಸಿಕ ವಿವೇಚನೆ

ಮುಂಬಯಿಯ ನಮ್ಮ ಸಮಾಜದ ಸಭೆ ಸಮಾರಂಭಗಳಲ್ಲಿ ಹಿರಿಯರು ಆಗಾಗ ಆಡುವ ಮಾತೊಂದುಂಟು: ಗಂಡನನ್ನು ತಾನಾಗಿ ತೊರೆದು ಹೊರಟ ಹೆಣ್ಣು ನಮ್ಮ ಸೀಮೆಯ ಚರಿತ್ರೆಯಲ್ಲಿ ಕಾಣಸಿಗುವುದಿಲ್ಲ, ಇದೆಲ್ಲ ಪಟ್ಟಣದ ವಿದ್ಯೆಯೂ ಬಾಂದ್ರಾದ ಕುಟುಂಬ ನ್ಯಾಯಾಲಯವೂ ಕೂಡಿ ತಂದ ಹೊಸ ಪದ್ಧತಿ, ಎಂದು. ಇಂಥ ಮಾತನ್ನು ತುಳುನಾಡಿನಿಂದ ಬಂದವರ ಬಾಯಲ್ಲಿ ಕೇಳಿದಾಗ ಸೋಜಿಗವಾಗದಿರದು. ಏಕೆಂದರೆ ಆ ನಾಡಿನ ಮೌಖಿಕ ಸಾಹಿತ್ಯದಲ್ಲಿ ಅತ್ಯಂತ ದೀರ್ಘವೂ ಅತ್ಯಂತ ಪೂಜ್ಯವೂ ಆದ ಕಥನವು ಅಂಥ ಒಬ್ಬ ಹೆಣ್ಣಿನದೇ ಆಗಿದೆ. ಆಕೆಯ ಹೆಸರು ಸಿರಿ. ಆಕೆ ಗಂಡನನ್ನು ಬಿಟ್ಟಳು, ಎಳೆಯ ಮಗುವಿನೊಡನೆಯೂ ಒಬ್ಬ ದಾಸಿಯೊಡನೆಯೂ ದಾರಿ ನಡೆದಳು, ಎರಡನೆಯ ಮದುವೆಯಾದಳು, ಕೊನೆಗೆ ದೈವತ್ವಕ್ಕೇರಿ ಹುಣ್ಣಿಮೆಯ ಇರುಳಿನಲ್ಲಿ ಸಾವಿರಾರು ಸ್ತ್ರೀಯರ ಮೈಮೇಲೆ ಬರುವವಳಾದಳು. ಈ ಕಥೆಯ ಪ್ರಯಾಣಭಾಗವನ್ನು ಮುಖ್ಯವಾಗಿ ಇಟ್ಟುಕೊಂಡು, ಅದರೊಳಗೆ ಅಡಗಿರುವ ಸಾಮಾಜಿಕ ಇತಿಹಾಸದ ಅಂಶಗಳನ್ನು ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

ತುಳುವಿನ ವಿಷಯವು ಕನ್ನಡ ಪತ್ರಿಕೆಯಲ್ಲಿ ಏಕೆಂಬ ಪ್ರಶ್ನೆಗೆ ದೀರ್ಘವಾದ ಸಮಾಧಾನ ಬೇಕಾಗದು. ಮನೆಯಲ್ಲಿ ತುಳುವನ್ನೂ ಓದುಬರಹದಲ್ಲಿ ಕನ್ನಡವನ್ನೂ ಇಟ್ಟುಕೊಂಡವರು ಮುಂಬಯಿಯ ಕನ್ನಡಿಗರಲ್ಲಿ ಬಹುಸಂಖ್ಯಾತರು. ಮುಲುಂಡು, ಭಾಂಡುಪುಗಳಲ್ಲಂತೂ ಇದು ಎಲ್ಲರಿಗೂ ವಿದಿತವಾದ ಸಂಗತಿ. ಮೇಲಾಗಿ ಪಾಡ್ದನಗಳ ಅಧ್ಯಯನದ ಬಹುಭಾಗವು ನಡೆದಿರುವುದು ಕನ್ನಡದಲ್ಲಿಯೇ.

ಆ ಅಧ್ಯಯನದ ಪರಂಪರೆಯನ್ನು ಸ್ಥೂಲವಾಗಿ ನೆನೆದುಕೊಳ್ಳೋಣ. ಬಾಸೆಲ್ ಮಿಶನ್ನಿನ ಮ್ಯಾನರ್ ಪಾದ್ರಿಯು 1886ರಲ್ಲಿ ಮಂಗಳೂರಿನಿಂದ ‘ಪಾಡ್ದನೊಳು’ ಎಂಬ ಸಂಗ್ರಹವನ್ನು ಕನ್ನಡ ಲಿಪಿಯಲ್ಲಿ ಅಚ್ಚುಹಾಕಿಸಿದನು. ನ್ಯಾಯಾಧೀಶನಾಗಿದ್ದ ಬರ್ನೆಲ್ಲನು ಕಲೆಹಾಕಿದ ಭೂತಾರಾಧನೆಯ ಸಾಮಗ್ರಿಯು ಅವನು ತೀರಿಕೊಂಡ ಬಳಿಕ 1894ರಿಂದ 1897ರವರೆಗೆ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಕ್ರಮವಾಗಿ ಪ್ರಕಟವಾಯಿತು. ಆದರೆ ಸಿರಿಯ ಕಥೆ ಮತ್ತು ಆರಾಧನೆಗಳೆರಡನ್ನೂ ಕೂಡಿಸಿ ನೋಡಿದ ವಿದ್ವತ್ಪೂರ್ಣ ಲೇಖನವು ಬಂದುದು ಬಹಳ ತಡವಾಗಿ, 1975ರಲ್ಲಿ. ಅದನ್ನು ಬರೆದವರು ಅಮೆರಿಕೆಯ ಪೀಟರ್ ಕ್ಲಾಸ್. ಡಾ. ಬಿ. ಎ. ವಿವೇಕ ರೈ ಅವರ ‘ತುಳು ಜನಪದ ಸಾಹಿತ್ಯ’ವು 1985ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿನಿಂದ ಹೊರಬಿದ್ದು ಈ ಕ್ಷೇತ್ರಕ್ಕೆ ಭದ್ರವಾದ ತಳಹದಿಯನ್ನು ಒದಗಿಸಿತು. ಅನಂತರ ಫಿನ್ಲೆಂಡಿನ ಲೌರಿ ಹಾಂಕೋ ಅವರು ವಿವೇಕ ರೈ, ಚಿನ್ನಪ್ಪ ಗೌಡ ಮತ್ತು ಅನೆಲಿ ಹಾಂಕೋ ಅವರೊಡಗೂಡಿ, ಬೆಳ್ತಂಗಡಿ ತಾಲ್ಲೂಕಿನ ಉಜಿರೆಯ ಬಳಿಯ ಮಾಚಾರಿನ ಕೃಷಿಕರೂ ಸಿರಿಯ ಆರಾಧನೆಯ ಮುಖ್ಯಸ್ಥರೂ ಆಗಿದ್ದ ಗೋಪಾಲ ನಾಯ್ಕರಿಂದ 1990ರ ಡಿಸೆಂಬರಿನಲ್ಲಿ ಇಡಿಯ ಕಾವ್ಯವನ್ನು ಹಾಡಿಸಿ ಧ್ವನಿಮುದ್ರಿಸಿಕೊಂಡರು. 1998ರಲ್ಲಿ ಹೆಲ್ಸಿಂಕಿಯಿಂದ ಪ್ರಕಟವಾದ ಆ ಪಾಠದಲ್ಲಿ 15,683 ಸಾಲುಗಳಿವೆ. ಗ್ರೀಕರ ಇಲಿಯಡ್ ಮಹಾಕಾವ್ಯದ ಗಾತ್ರವೂ ಹೆಚ್ಚುಕಡಿಮೆ ಅಷ್ಟೇ. ಒಬ್ಬ ಬೇಸಾಯಗಾರನ ನೆನಪಿನಲ್ಲಿ ಇಷ್ಟು ದೊಡ್ಡ ಕಾವ್ಯವು ಒಂದಕ್ಷರದ ಬರಹದ ಆಶ್ರಯವೂ ಇಲ್ಲದೆ ನಿಂತಿತ್ತೆಂಬುದನ್ನು ನಮ್ಮ ವಿದ್ಯಾವಂತರು ಸ್ವಲ್ಪ ಹೊತ್ತು ಸುಮ್ಮನೆ ಕುಳಿತು ಯೋಚಿಸಬೇಕು.

ಇನ್ನು ಕಥೆ. ಪಾಠದಿಂದ ಪಾಠಕ್ಕೆ ಘಟನೆಗಳ ಅನುಕ್ರಮದಲ್ಲಿಯೂ ಹೆಸರುಗಳಲ್ಲಿಯೂ ವ್ಯತ್ಯಾಸಗಳಿವೆ. ಎಲ್ಲಕ್ಕೂ ಸಾಮಾನ್ಯವಾದ ಎಳೆಯನ್ನಷ್ಟೇ ಇಲ್ಲಿ ಹಿಡಿಯಲಾಗಿದೆ. ಸತ್ಯನಾಪುರದ ಅರಮನೆಯಲ್ಲಿ ಬೆರ್ಮು ಆಳ್ವನೆಂಬ ವೃದ್ಧನು ಸಂತಾನವಿಲ್ಲದೆ ಕೊರಗುತ್ತಿರುತ್ತಾನೆ. ಹಾಡುಗಳು ಅವನನ್ನು ಅಜ್ಜರೆಂದೇ ಕರೆಯುತ್ತವೆ. ಪಾಳುಬಿದ್ದ ಬೆರ್ಮೆರ ಗುಡಿಯನ್ನು ಜೀರ್ಣೋದ್ಧಾರ ಮಾಡಿಸಿದ ಮೇಲೆ ಅವನಿಗೆ ಪ್ರಸಾದರೂಪವಾಗಿ ದೊರೆತ ಅಡಕೆಯ ಹಿಂಗಾರದಿಂದ ಹೆಣ್ಣುಮಗು ಉದ್ಭವಿಸುತ್ತದೆ. ಅವಳೇ ಸಿರಿ. ಬೆಳೆದ ಸಿರಿಯನ್ನು ಬಸರೂರಿನ ಕಾಂತುಪೂಂಜನಿಗೆ ಮದುವೆ ಮಾಡಿಕೊಡುತ್ತಾರೆ. ಸಿರಿ ಗರ್ಭಿಣಿಯಾದಾಗ ಬಯಕೆಯ ಶಾಸ್ತ್ರಕ್ಕೆಂದು ಗಂಡನು ಸೀರೆ ತರಲು ಹೋಗಿ, ಹಿಂದಿರುಗುವ ದಾರಿಯಲ್ಲಿ ಸಿದ್ದು ಎಂಬ ಸೂಳೆಯ ಮನೆಯನ್ನು ಹೊಗುತ್ತಾನೆ. ಆಕೆ ಆ ಸೀರೆಯನ್ನು ಬಿಚ್ಚಿ ಉಟ್ಟು ನೋಡಿ ಮತ್ತೆ ಮಡಚಿ ಕೊಡುತ್ತಾಳೆ. ಸಿರಿಗೆ ಇದು ತಿಳಿಯುತ್ತದೆ. ನೆರೆದ ಸಭೆಯಲ್ಲಿ ಆಕೆ ಆ ಸೀರೆಯನ್ನು ಒಲ್ಲೆನೆನ್ನುತ್ತಾಳೆ.

ಬಳಿಕ ಸತ್ಯನಾಪುರದಲ್ಲಿ ಗಂಡುಮಗು ಹುಟ್ಟುತ್ತದೆ, ಅವನು ಕುಮಾರ. ಮಗುವಿನ ಮುಖವನ್ನು ಕಂಡರೆ ಅಜ್ಜನಿಗೆ ಮರಣವೆಂಬ ಭವಿಷ್ಯವು ಸತ್ಯವಾಗುತ್ತದೆ. ಅಜ್ಜನ ಆಸ್ತಿಯ ಪ್ರಶ್ನೆ ಎದ್ದಾಗ ನ್ಯಾಯಸಭೆಯು ಸಿರಿಯ ಪಕ್ಷಕ್ಕೆ ಒಲಿಯದೆ, ಅರಮನೆಯು ದಾಯಾದ್ಯವನ್ನು ಮುಂದಿಟ್ಟವರ ಪಾಲಾಗುತ್ತದೆ. ಸಿರಿ ತನ್ನ ಸತ್ಯದ ಬಲದಿಂದ ಅರಮನೆಯನ್ನು ಬೆಂಕಿಗೊಪ್ಪಿಸಿ, ಕಾಂತುಪೂಂಜನೊಡನೆ ಸಂಬಂಧವನ್ನು ಕಡಿದುಕೊಂಡು, ತೊಟ್ಟಿಲ ಕೂಸನ್ನೂ ದಾರು ಎಂಬ ದಾಸಿಯನ್ನೂ ಸಂಗಡ ಕರೆದುಕೊಂಡು ಹೊರಡುತ್ತಾಳೆ. ಇಲ್ಲಿಂದ ಮುಂದಿನದೇ ಪ್ರಯಾಣಭಾಗ. ಹೊಳೆಗಳನ್ನು ದಾಟಿ, ಮರದ ನೆರಳುಗಳಲ್ಲಿ ತಂಗಿ, ಊರಿಂದ ಊರಿಗೆ ನಡೆಯುವ ಈ ದಾರಿಯ ನಡುವೆ ಮಗುವು ಮಾತಾಡುತ್ತದೆ: ತಾಯಿಯ ಮರುಮದುವೆಯನ್ನು ತಾನು ನೋಡಲಾರೆನು, ತನ್ನನ್ನು ಮಾಯಕಕ್ಕೆ ಸೇರಿಸಬೇಕು ಎಂದು. ಸಿರಿ ಹಾಗೆಯೇ ಮಾಡುತ್ತಾಳೆ. ಮುಂದೆ ಬೋಳದ ಇಬ್ಬರು ಅರಸುಮಕ್ಕಳು ಆಕೆಯನ್ನು ಕಂಡು ಮೋಹಿಸಿದಾಗ ಆಕೆ ಅವರನ್ನು ಒಡಹುಟ್ಟಿದವರೆಂದು ಕರೆದು ಅಣ್ಣಂದಿರನ್ನಾಗಿ ಮಾಡಿಕೊಳ್ಳುತ್ತಾಳೆ. ಅವರೇ ಮುಂದೆ ನಿಂತು ಆಕೆಯನ್ನು ಕೊಡ್ಸರಾಳ್ವನಿಗೆ ಧಾರೆಯೆರೆದು ಕೊಡುತ್ತಾರೆ. ಅವನ ಮೊದಲ ಹೆಂಡತಿಯಾದ ಸಾಮು ಮೊದಲು ಮುನಿದರೂ ಬಳಿಕ ಸಿರಿಯನ್ನು ತಂಗಿಯಾಗಿ ಒಪ್ಪಿಕೊಳ್ಳುತ್ತಾಳೆ. ಸಿರಿಯು ಸೊನ್ನೆ ಎಂಬ ಮಗಳನ್ನು ಹೆತ್ತು ಮಾಯವಾಗುತ್ತಾಳೆ. ಸೊನ್ನೆಯ ಅವಳಿ ಹೆಣ್ಣುಮಕ್ಕಳು ಅಬ್ಬಗ ಮತ್ತು ದಾರಗ.

ಈ ಲೇಖಕನ ವೃತ್ತಿಯು ಬ್ಯಾಂಕಿನದು. ಹಕ್ಕುಪತ್ರಗಳನ್ನು ಓದಿ ಓದಿ ಒಂದು ಕೆಟ್ಟ ಅಭ್ಯಾಸ ಅಂಟಿಕೊಂಡಿದೆ: ಯಾವ ಕಥೆಯನ್ನು ಕೇಳಿದರೂ ಮೊದಲು ಕಣ್ಣು ಹೋಗುವುದು ಆಸ್ತಿಯು ಯಾರಿಂದ ಯಾರಿಗೆ ಯಾವ ಆಧಾರದಿಂದ ಬಂತು ಎಂಬುದರ ಕಡೆಗೆ. ಆ ದೃಷ್ಟಿಯಿಂದ ನೋಡಿದರೆ ಸಿರಿಯ ಪಾಡ್ದನವು ಅತ್ಯಂತ ಬಿಗಿಯಾದ ತರ್ಕವುಳ್ಳ ಕಥನವಾಗಿ ಕಾಣುತ್ತದೆ.

ತುಳುನಾಡಿನ ಬಂಟರಲ್ಲಿಯೂ ಇತರ ಅನೇಕ ಸಮುದಾಯಗಳಲ್ಲಿಯೂ ಅಳಿಯಸಂತಾನದ ಕಟ್ಟು ನಡೆದುಬಂದುದು ಪ್ರಸಿದ್ಧ. ಆಸ್ತಿಯು ತಂದೆಯಿಂದ ಮಗನಿಗೆ ಇಳಿಯದೆ ತಾಯಿಯ ರಕ್ತದ ಜಾಡಿನಲ್ಲಿ ಸಾಗುತ್ತದೆ. ಒಬ್ಬನ ಉತ್ತರಾಧಿಕಾರಿಯು ಅವನ ಮಗನಲ್ಲ, ಸೋದರಿಯ ಮಗ. ‘ಬರಿ’ ಅಥವಾ ‘ಬಳಿ’ ಎಂಬ ಕುಲನಾಮವೂ ತಾಯಿಯಿಂದಲೇ ಬರುತ್ತದೆ. ಭೂತಾಳಪಾಂಡ್ಯನು ಈ ಕಟ್ಟನ್ನು ವಿಧಿಸಿದನೆಂಬ ಐತಿಹ್ಯವಿದೆ. ಹಡಗಿಗೆ ಬಲಿಯಾಗಿ ತನ್ನ ಮಗನನ್ನು ಕೊಡಲು ಹೆಂಡತಿ ಒಪ್ಪದಿರಲು ತಂಗಿಯು ತನ್ನ ಮಗನನ್ನು ಒಪ್ಪಿಸಿದಳೆಂಬುದು ಅದರ ಸಾರ. ಈ ಹೆಸರಿನಲ್ಲಿ ಪ್ರಚಾರದಲ್ಲಿರುವ ಕಟ್ಟಳೆಯ ಗ್ರಂಥವು ಅರ್ವಾಚೀನವೆಂದು ವಿದ್ವಾಂಸರು ಹೇಳುತ್ತಾರೆ. ಗ್ರಂಥ ಹೊಸದಾದರೂ ಪದ್ಧತಿ ಹಳೆಯದೆಂಬುದರಲ್ಲಿ ಸಂದೇಹವಿಲ್ಲ.

ಈಗ ಸಿರಿಯ ಸ್ಥಿತಿಯನ್ನು ಈ ಕಟ್ಟಿನೊಳಗೆ ಇಟ್ಟು ನೋಡಬೇಕು. ಆಕೆ ಹುಟ್ಟಿದ್ದು ಹಿಂಗಾರದಿಂದ. ಆಕೆಗೆ ತಾಯಿಯಿಲ್ಲ. ತಾಯಿಯಿಲ್ಲದವಳಿಗೆ ಬಳಿಯೂ ಇಲ್ಲ, ಸೋದರಮಾವನೂ ಇಲ್ಲ, ಅಣ್ಣತಮ್ಮಂದಿರೂ ಇಲ್ಲ. ಅಜ್ಜನ ಪ್ರೀತಿಯೊಂದು ಇದೆ. ಆದರೆ ಅಳಿಯಸಂತಾನದ ಲೆಕ್ಕದಲ್ಲಿ ಪ್ರೀತಿಯು ಹಕ್ಕಿನ ಮೂಲವಲ್ಲ. ಅಜ್ಜನು ಕಣ್ಮುಚ್ಚಿದ ದಿನವೇ ಆಕೆಯ ಸ್ಥಾನವು ಅಲುಗಿಹೋಗುತ್ತದೆ. ದೈವೀ ಜನ್ಮವೆಂದು ಭಕ್ತರು ಕೊಂಡಾಡುವ ಪ್ರಸಂಗವೇ ಲೌಕಿಕದಲ್ಲಿ ಆಕೆಯ ದೌರ್ಬಲ್ಯವಾಗುವ ಈ ರೀತಿಯನ್ನು ಹಾಡುಗಾರರು ಎಲ್ಲಿಯೂ ವಿವರಿಸಿ ಹೇಳುವುದಿಲ್ಲ. ಹೇಳುವ ಅಗತ್ಯವೂ ಅವರ ಕೇಳುಗರಿಗೆ ಇರಲಿಲ್ಲ. ನ್ಯಾಯಸಭೆಯವರು ಲಂಚಕ್ಕೆ ಬಾಗಿದರೆಂದು ಹೇಳುವ ಪಾಠಗಳೂ ಉಂಟು. ಅದು ನಿಜವಿರಬಹುದು. ಆದರೆ ಲಂಚ ತಿಂದವನಿಗೂ ತೀರ್ಪು ಬರೆಯಲು ಒಂದು ನೆವ ಬೇಕಾಗುತ್ತದೆ. ಆ ನೆವವನ್ನು ಕಟ್ಟೇ ಒದಗಿಸಿತೆಂದು ನಮ್ಮ ಅಭಿಪ್ರಾಯ.

ಇದೇ ಸೂತ್ರದಿಂದ ಬೋಳದ ಅರಸುಮಕ್ಕಳ ಪ್ರಸಂಗವೂ ಬಿಡಿಸಿಕೊಳ್ಳುತ್ತದೆ. ಮೇಲುನೋಟಕ್ಕೆ ಇದು ಕಾಮುಕರನ್ನು ಜಾಣತನದಿಂದ ತಡೆದ ಕಥೆ. ಆದರೆ ಸಿರಿಗೆ ಬೇಕಾಗಿದ್ದುದು ಅಣ್ಣಂದಿರೇ. ಅಣ್ಣನಿಲ್ಲದ ಹೆಣ್ಣಿಗೆ ಈ ಸಮಾಜದಲ್ಲಿ ಹಿಂದೆ ನಿಲ್ಲುವ ಮನೆಯಿಲ್ಲ, ಧಾರೆಯೆರೆಯುವ ಕೈಯಿಲ್ಲ. ಮೊದಲನೆಯ ಮದುವೆಯಲ್ಲಿ ಇಲ್ಲದಿದ್ದ ಬಂಧುತ್ವವನ್ನು ಎರಡನೆಯ ಮದುವೆಗೆ ಮುನ್ನ ಆಕೆ ದಾರಿಯ ಮೇಲೆ ತಾನೇ ಕಟ್ಟಿಕೊಳ್ಳುತ್ತಾಳೆ. ಪ್ರಯಾಣಭಾಗದ ಫಲ ಇದು: ಬಳಿಯಿಲ್ಲದೆ ಹೊರಟವಳು ಬಂಧುಬಳಗದೊಡನೆ ಮುಟ್ಟುತ್ತಾಳೆ. ಅಲ್ಲಿಂದಾಚೆಗೆ ಕಥೆಯು ಸೊನ್ನೆ, ಅಬ್ಬಗ, ದಾರಗ ಎಂದು ಹೆಣ್ಣಿನಿಂದ ಹೆಣ್ಣಿಗೆ ನಡೆಯುತ್ತದೆ. ಗಂಡುಮಗನು ದಾರಿಯಲ್ಲಿಯೇ ಮಾಯಕಕ್ಕೆ ಸಲ್ಲುತ್ತಾನೆ. ಮಗನಿಂದ ಬೆಳೆಯುವ ವಂಶಕ್ಕೆ ಈ ಕಾವ್ಯದಲ್ಲಿ ಎಡೆಯಿಲ್ಲ. ಸಿರಿಯೇ ಮೂಲಮಾತೆಯಾಗಿ ಒಂದು ಸಂತತಿಯ ಆರಂಭವಾಗುವುದನ್ನು ಹೇಳುವ ಕಾವ್ಯವಿದು ಎಂದರೆ ತಪ್ಪಾಗಲಾರದು.

ಸೀರೆಯ ಪ್ರಸಂಗವೂ ಇಷ್ಟೇ ಲಕ್ಷ್ಯಕ್ಕೆ ಅರ್ಹವಾದುದು. ಕೆಲವರು ಇದನ್ನು ಸವತಿಮಾತ್ಸರ್ಯದ ಕಥೆಯಾಗಿ ಓದಿದ್ದುಂಟು; ಆ ಓದು ತೀರ ಮೇಲುಮೇಲಿನದು. ಪಶ್ಚಿಮ ಕರಾವಳಿಯಲ್ಲಿಯೂ ಕನ್ನಡ ಒಳನಾಡಿನಲ್ಲಿಯೂ ಬಟ್ಟೆಯನ್ನು ಕೊಡುವುದೇ ದಾಂಪತ್ಯದ ಮುಖ್ಯ ಕುರುಹಾಗಿದ್ದ ಪದ್ಧತಿಗಳನ್ನು ನಾವು ಬಲ್ಲೆವು. ಕಾಸರಗೋಡಿನಿಂದ ದಕ್ಷಿಣಕ್ಕೆ ಉತ್ತರ ಮಲಬಾರಿನ ನಾಯರರ ವಿವಾಹಕ್ಕೆ ‘ಪುಡಮುರಿ’ ಎಂದು ಹೆಸರು. ಅದರ ಅರ್ಥ ವಸ್ತ್ರವನ್ನು ಕತ್ತರಿಸಿ ಕೊಡುವುದು. ನಮ್ಮ ಬಯಲುಸೀಮೆಯ ಅನೇಕ ಜಾತಿಗಳಲ್ಲಿ ವಿಧವೆಯ ಅಥವಾ ಗಂಡನನ್ನು ಬಿಟ್ಟವಳ ಮರುಮದುವೆಗೆ ‘ಉಡಿಕೆ’, ‘ಸೀರುಡಿಕೆ’ ಎಂಬ ಹೆಸರುಗಳಿವೆ. ಸೀರೆಯನ್ನು ಕೊಟ್ಟರೆ ಸಂಬಂಧ ಕೂಡಿತು. ಹಾಗಾದರೆ ಕೊಟ್ಟ ಸೀರೆಯನ್ನು ಸಭೆಯಲ್ಲಿ ಹಿಂದಿರುಗಿಸಿದವಳು ಏನು ಮಾಡಿದಂತಾಯಿತು? ಸಿರಿಯು ಗಂಡನನ್ನು ಬಿಟ್ಟುದು ಹೊರಟ ದಿನವಲ್ಲ. ಸೀರೆಯನ್ನು ಒಲ್ಲೆನೆಂದ ದಿನ. ಮುಂದೆ ಆಡಿದ ಮಾತು ಆ ಕೃತ್ಯದ ಘೋಷಣೆ ಮಾತ್ರ. ಪಂಚರ ಎದುರು ಬರೆದುಕೊಡುತ್ತಿದ್ದ ಧಾರವಾಡ, ವಿಜಯಪುರಗಳ ಕಡೆಯ ‘ಸೋಡಚೀಟಿ’ಗಿಂತ ಇದು ಹೆಚ್ಚು ನಿಚ್ಚಳವಾಗಿದೆ.

ಅಳಿಯಸಂತಾನದವರಲ್ಲಿ ದಾಂಪತ್ಯವನ್ನು ಇಬ್ಬರಲ್ಲಿ ಯಾರು ಬೇಕಾದರೂ ಮುಗಿಸಬಹುದಾಗಿತ್ತೆಂಬುದಕ್ಕೆ ಪಾಡ್ದನದ ಹೊರಗೂ ಸಾಕ್ಷ್ಯವಿದೆ. ಆ ಸಾಕ್ಷ್ಯವು ಬಂದ ದಾರಿ ಮಾತ್ರ ವಿಚಿತ್ರವಾದುದು. 1880ರ ದಶಕದ ಮೊದಲಲ್ಲಿ ಮದ್ರಾಸಿನ ಉಚ್ಚ ನ್ಯಾಯಾಲಯವು ದಕ್ಷಿಣ ಕನ್ನಡದ ಒಂದು ವ್ಯಾಜ್ಯದಲ್ಲಿ, ಹೀಗೆ ಇಚ್ಛಾನುಸಾರ ಕಡಿದುಕೊಳ್ಳಬಹುದಾದ ಸಂಬಂಧವು ದಂಡಸಂಹಿತೆಯ ಅರ್ಥದಲ್ಲಿ ವಿವಾಹವೇ ಅಲ್ಲವೆಂದು ಅಭಿಪ್ರಾಯಪಟ್ಟಿತು. ಹೆಣ್ಣಿಗಿದ್ದ ಒಂದು ಸ್ವಾತಂತ್ರ್ಯವನ್ನು ಕಂಡು ದಾಂಪತ್ಯವನ್ನೇ ಇಲ್ಲವೆಂದ ಈ ನಿರ್ಣಯವು ಇಂಗ್ಲೆಂಡಿನ ವಿವಾಹಕಲ್ಪನೆಯನ್ನು ಅಳತೆಗೋಲಾಗಿ ಹಿಡಿದುದರ ಪರಿಣಾಮ. ಕರಾವಳಿಯ ವಿದ್ಯಾವಂತ ಕುಟುಂಬಗಳಿಗೆ ಇದು ಅವಮಾನವಾಗಿ ತೋರಿದ್ದರೆ ಆಶ್ಚರ್ಯವಿಲ್ಲ. ತಮ್ಮ ಮದುವೆಗಳೂ ಉಳಿದವರ ಮದುವೆಗಳಂತೆಯೇ ಎಂದು ತೋರಿಸಿಕೊಳ್ಳುವ ಆತುರದಲ್ಲಿ, ಬಿಡುಗಡೆಯ ಹಳೆಯ ರೂಢಿಯನ್ನು ನೆನಪಿನಿಂದ ಒರಸಿಹಾಕುವ ಪ್ರವೃತ್ತಿ ಆ ಕಾಲದಿಂದ ಬೆಳೆದಿರಬೇಕೆಂದು ಊಹಿಸಬಹುದಾಗಿದೆ. 1949ರ ಮದ್ರಾಸ್ ಅಳಿಯಸಂತಾನ ಶಾಸನವು ಇಂಥ ವಿವಾಹಗಳಿಗೆ ಕಾಯಿದೆಯ ಮನ್ನಣೆಯನ್ನಿತ್ತು, ಅರ್ಜಿಯ ಮೂಲಕ ವಿಚ್ಛೇದನಕ್ಕೂ ಕುಟುಂಬದ ಆಸ್ತಿಯ ವಿಭಾಗಕ್ಕೂ ದಾರಿ ಮಾಡಿತು. 1955ರ ಹಿಂದೂ ವಿವಾಹ ಶಾಸನವು ತನ್ನ 29ನೆಯ ವಿಧಿಯಲ್ಲಿ, ರೂಢಿಯಿಂದ ಬಂದ ವಿಚ್ಛೇದನದ ಹಕ್ಕುಗಳಿಗೆ ಬಾಧೆಯಿಲ್ಲವೆಂದು ಸ್ಪಷ್ಟವಾಗಿ ಹೇಳಿದೆ. ಅಂದರೆ ಹಿರಿಯರು ‘ಹೊಸತು’ ಎನ್ನುವುದನ್ನು ಕಾಯಿದೆಯೇ ‘ಹಳೆಯದು’ ಎಂದು ಒಪ್ಪಿ ಕಾದಿರಿಸಿದೆ.

ಒಳನಾಡಿನ ಕನ್ನಡ ಹಾಡುಗಬ್ಬಗಳೊಡನೆ ಹೋಲಿಸಿದರೆ ಸಿರಿಯ ವೈಶಿಷ್ಟ್ಯವು ಇನ್ನೂ ಎದ್ದು ತೋರುತ್ತದೆ. ಫ್ಲೀಟನು 1885ರಿಂದ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದ ಲಾವಣಿಗಳು ಹೆಚ್ಚಾಗಿ ಗಂಡಸರ ದಂಗೆ ಕಾಳಗಗಳವು. ಹಲಸಂಗಿಯ ಗೆಳೆಯರು 1931ರಲ್ಲಿ ಹೊರತಂದ ‘ಗರತಿಯ ಹಾಡು’ ಹೆಣ್ಣಿನ ಬಾಳನ್ನು ನಮಗೆ ಕಾಣಿಸಿಕೊಟ್ಟ ಮಹೋಪಕಾರದ ಗ್ರಂಥ. ಆದರೆ ಅಲ್ಲಿನ ಪ್ರಯಾಣವು ತವರು ಮತ್ತು ಅತ್ತೆಮನೆಗಳ ನಡುವಣದು. ಮೂರನೆಯ ಊರೊಂದು ಆ ಹಾಡುಗಳಲ್ಲಿ ಅಪರೂಪ. ‘ಕೆರೆಗೆ ಹಾರ’ದ ಭಾಗೀರಥಿಯೂ ನಡೆಯುತ್ತಾಳೆ: ಬಲಿಯ ಮುನ್ನ ತವರಿಗೆ ಹೋಗುತ್ತಾಳೆ, ಗೆಳತಿಯಲ್ಲಿಗೆ ಹೋಗುತ್ತಾಳೆ, ಎಲ್ಲ ಕಡೆಯಿಂದಲೂ ಹಿಂದಿರುಗಿ ಕೆರೆಯ ಕಡೆಗೇ ಬರುತ್ತಾಳೆ. ಆಕೆಯ ನಡಿಗೆಗೆ ಹೊರಬಾಗಿಲಿಲ್ಲ. ಸಿರಿಯ ಮುಂದೆ ಮೂರನೆಯ ಊರಿದೆ. ತವರು ಉರಿದುಹೋಗಿದೆ, ಗಂಡನ ಮನೆ ಹಿಂದೆ ಬಿದ್ದಿದೆ, ಆದರೂ ದಾರಿ ಮುಗಿದಿಲ್ಲ. ಈ ಎರಡು ಕಾವ್ಯಗಳಲ್ಲಿ ಯಾವುದು ಹಿರಿದೆಂಬ ಚರ್ಚೆ ನಿರರ್ಥಕ. ಆದರೆ ನಮ್ಮ ಪಠ್ಯಪುಸ್ತಕಗಳು ಭಾಗೀರಥಿಯನ್ನು ಮೂರು ತಲೆಮಾರಿನ ಮಕ್ಕಳಿಗೆ ಪರಿಚಯಿಸಿದಷ್ಟು ಆದರದಿಂದ ಸಿರಿಯನ್ನು ಪರಿಚಯಿಸಿಲ್ಲವೆಂಬುದನ್ನು ಹೇಳದಿರಲಾಗದು.

ಸ್ಮೃತಿಯ ವಿಚಾರಕ್ಕೆ ಬರೋಣ. ಪಾಡ್ದನವು ಬದುಕಿರುವುದು ಎರಡು ಕಡೆ. ಒಂದು ಗದ್ದೆಯಲ್ಲಿ. ನೇಜಿ ನೆಡುವ ಹೆಂಗಸರು ಸಾಲಾಗಿ ಬಾಗಿ, ಒಬ್ಬಳು ಹೇಳಿಕೊಟ್ಟುದನ್ನು ಉಳಿದವರು ಎತ್ತಿಕೊಂಡು, ಮಳೆಯಲ್ಲಿ ದಿನವಿಡೀ ಹಾಡುತ್ತಾರೆ; ಅಥವಾ ಹಾಡುತ್ತಿದ್ದರೆನ್ನಬೇಕು, ಗದ್ದೆಗಳೇ ಈಗ ಕಡಿಮೆಯಾಗಿವೆ. ಇನ್ನೊಂದು ಆಲಡೆಗಳಲ್ಲಿ. ಕವತ್ತಾರು, ಹಿರಿಯಡ್ಕ, ಪಾಂಗಾಳ, ನಂದಳಿಕೆ ಮೊದಲಾದ ಕಡೆ ವರ್ಷಕ್ಕೊಮ್ಮೆ ಹುಣ್ಣಿಮೆಯ ಇರುಳು ನಡೆಯುವ ಸಿರಿಜಾತ್ರೆಯು ಪ್ರಸಿದ್ಧವಾದುದು. (ನಂದಳಿಕೆಯೆಂದೊಡನೆ ಕನ್ನಡಿಗರಿಗೆ ಮುದ್ದಣನು ನೆನಪಾಗುತ್ತಾನೆ. ಆತನ ಮನೋರಮೆಯ ಸರಸಸಂವಾದವನ್ನು ಮೆಚ್ಚುವ ನಾವು, ಅದೇ ಊರಿನ ಜಾತ್ರೆಯಲ್ಲಿ ನೂರಾರು ಮನೋರಮೆಯರು ಆಡುವ ಬೇರೊಂದು ಬಗೆಯ ಮಾತನ್ನು ಕೇಳಲು ಹೋಗುವುದಿಲ್ಲ.) ಬಿಳಿಯ ಸೀರೆಯುಟ್ಟು, ಕೈಯಲ್ಲಿ ಹಿಂಗಾರದ ಗೊನೆಯನ್ನು ಹಿಡಿದು ಸಾಲುಗಟ್ಟಿದ ಸ್ತ್ರೀಯರಿಗೆ ಆವೇಶವಾಗುತ್ತದೆ. ಕುಮಾರನ ಪಾತ್ರಿಯು ಪಾಡ್ದನದ ಧಾಟಿಯಲ್ಲಿಯೇ ಅವರೊಡನೆ ಮಾತಾಡುತ್ತಾನೆ. ಮೊದಲ ಬಾರಿಗೆ ಆವೇಶಗೊಂಡ ಹೆಣ್ಣನ್ನು ಆತನು ಕೇಳುವ ಮುಖ್ಯ ಪ್ರಶ್ನೆ, ನೀನು ಯಾರು ಎಂಬುದು. ಸಿರಿಯೋ, ಸೊನ್ನೆಯೋ, ಅಬ್ಬಗಳೋ, ದಾರಗಳೋ? ಆಕೆ ಬಾಯಿಬಿಟ್ಟು ಹೇಳಬೇಕು. ಆಕೆಯ ಗಂಡನೂ ಅತ್ತೆಯೂ ತವರಿನವರೂ ಸುತ್ತಲೂ ನಿಂತಿರುತ್ತಾರೆ. ಮನೆಯಲ್ಲಿ ಆಡಲಾಗದ ಎಷ್ಟೋ ಮಾತುಗಳು ಇಲ್ಲಿ ಸಿರಿಯ ಹೆಸರಿನಲ್ಲಿ ಹೊರಬೀಳುವುದನ್ನು ಕ್ಲಾಸ್ ಮೊದಲಾದವರು ಗುರುತಿಸಿದ್ದಾರೆ. ತಾಯಿಯ ಮರುಮದುವೆಯನ್ನು ನೋಡಲಾರೆನೆಂದು ಮರೆಯಾದ ಕುಮಾರನೇ ಇಲ್ಲಿ ಹೆಣ್ಣುಮಕ್ಕಳ ದುಃಖವನ್ನು ವಿಚಾರಿಸುವವನಾಗಿ ಮರಳಿ ಬಂದಿರುವುದು ಈ ಆರಾಧನೆಯ ಅತ್ಯಂತ ಗಂಭೀರವಾದ ಅಂಶವೆಂದು ನಮಗೆ ತೋರುತ್ತದೆ.

ಮುಂಬಯಿಗೆ ಗದ್ದೆಯೂ ಬರಲಿಲ್ಲ, ಆಲಡೆಯೂ ಬರಲಿಲ್ಲ. ಹಾಡು ಮಾತ್ರ ಹಡಗು ಹತ್ತಿ ಬಂದಿತು. ಕೊಂಕಣ ರೈಲುಮಾರ್ಗವು 1998ರಲ್ಲಿ ಪೂರ್ತಿಯಾಗಿ ತೆರೆಯುವ ಮೊದಲು ಮಂಗಳೂರಿನಿಂದ ಮುಂಬಯಿಗೆ ಸಮುದ್ರಮಾರ್ಗವಾಗಿಯೂ ಬಳಿಕ ಘಟ್ಟದ ಬಸ್ಸುಗಳಲ್ಲಿಯೂ ಬಂದವರಲ್ಲಿ ಗಂಡಸರೇ ಮೊದಲಿಗರು. ಹೋಟೆಲುಗಳಲ್ಲಿ ದುಡಿದು, ರಾತ್ರಿಶಾಲೆಗಳಲ್ಲಿ ಓದಿ ನೆಲೆ ಕಂಡ ಮೇಲೆ ಹೆಂಡಿರು ಬಂದರು. ಬಂದವರಲ್ಲಿ ಅನೇಕರು ಊರಿನಲ್ಲಿ ನೇಜಿ ನೆಟ್ಟವರು. ಮುಲುಂಡು ಆಗ ನಗರದ ಅಂಚು. 1853ರ ಮೊದಲ ರೈಲು ಠಾಣೆಗೆ ಸಾಗಿದ ದಾರಿಯಲ್ಲಿಯೇ ಇದ್ದರೂ, ಬೃಹನ್ಮುಂಬಯಿಯ ಎಲ್ಲೆಯೊಳಗೆ ಅದು ಸೇರಿದ್ದು 1957ರಲ್ಲಿ. ಪಶ್ಚಿಮಕ್ಕೆ ಕಾಡಿನ ಗುಡ್ಡ, ಪೂರ್ವಕ್ಕೆ ಉಪ್ಪಿನಾಗರ. ಕರಾವಳಿಯ ಹೆಣ್ಣಿಗೆ ತೀರ ಅಪರಿಚಿತವೆನಿಸುವ ನೆಲವಲ್ಲ.

ಕಾರ್ಕಳ ತಾಲ್ಲೂಕಿನ ಕಡೆಯಿಂದ ಮದುವೆಯಾಗಿ ಬಂದು ಮುಲುಂಡಿನಲ್ಲಿಯೇ ಮುಪ್ಪಾದ ಒಬ್ಬ ತಾಯಿಯಿಂದ ಈ ಪಾಡ್ದನವನ್ನು ಕೇಳುವ ಅವಕಾಶವು ಈ ಲೇಖಕನಿಗೆ ಕೆಲವು ವರ್ಷಗಳ ಹಿಂದೆ ಒದಗಿತು. ಮೊದಲು ಅವರು ಒಪ್ಪಲಿಲ್ಲ. “ಮಗಾ, ಅದು ಕುರ್ಚಿಯಲ್ಲಿ ಕುಳಿತು ಹೇಳುವಂಥದ್ದಲ್ಲ, ಬೆನ್ನು ಬಗ್ಗದೆ ಅದು ಬಾಯಿಗೆ ಬರುವುದಿಲ್ಲ” ಎಂದರು. ಅಡುಗೆಮನೆಯಲ್ಲಿ ಬಾಗಿ ನೆಲವೊರಸುವಾಗ ಹಾಡಿದ್ದನ್ನು ಸೊಸೆಯು ಮೊಬೈಲಿನಲ್ಲಿ ಹಿಡಿದುಕೊಟ್ಟಳು. ಅವರಿಗೆ ಕಥೆಯ ಆರಂಭವು ತುಣುಕುತುಣುಕಾಗಿ ಮಾತ್ರ ನೆನಪಿದ್ದಿತು. ಅಜ್ಜನ ಗುಡಿಯ ಜೀರ್ಣೋದ್ಧಾರವೆಲ್ಲ ಎರಡು ಮಾತಿನಲ್ಲಿ ಮುಗಿದುಹೋಯಿತು. ಪ್ರಯಾಣಭಾಗವೊಂದು ಮಾತ್ರ ಅಖಂಡವಾಗಿತ್ತು. ಯಾವ ಕಟ್ಟೆಯಲ್ಲಿ ಕುಳಿತರು, ತೊಟ್ಟಿಲನ್ನು ಯಾವ ಮರಕ್ಕೆ ಕಟ್ಟಿದರು, ಯಾವ ಹೊಳೆಯ ಬದಿಯಲ್ಲಿ ದಾರು ಕೂಸಿಗೆ ನೀರು ತಂದಳು ಎಂಬುದೊಂದೂ ಬಿಟ್ಟುಹೋಗಿರಲಿಲ್ಲ. ಎಷ್ಟೋ ವರ್ಷ ಊರನ್ನು ಕಾಣದವರ ಬಾಯಲ್ಲಿ ಊರಿನ ದಾರಿಯೇ ಉಳಿದುಕೊಂಡುದು ಸಹಜ.

ಆದರೆ ಹಾಡು ಕುಮಾರನು ಮಾಯವಾದಲ್ಲಿಗೆ ನಿಂತಿತು. ಬೋಳದ ಅಣ್ಣಂದಿರು, ಕೊಡ್ಸರಾಳ್ವ, ಸಾಮು ಇವರ ಸುದ್ದಿಯೇ ಬರಲಿಲ್ಲ. ಮರೆತಿರಬಹುದೆಂದು ಕೇಳಿದಾಗ, “ಮರೆತಿಲ್ಲ. ಮುಂದಿನದ್ದನ್ನು ಇಲ್ಲಿ ಹೇಳುವ ಕ್ರಮ ಇಟ್ಟುಕೊಂಡಿಲ್ಲ” ಎಂದರು. ‘ಇಲ್ಲಿ’ ಎಂದರೆ ಮುಲುಂಡಿನಲ್ಲಿಯೋ, ಸೊಸೆಯ ಎದುರಿನಲ್ಲಿಯೋ, ಅವರು ಬಿಡಿಸಿ ಹೇಳಲಿಲ್ಲ. ಒಬ್ಬರ ಮಾತಿನಿಂದ ಸಿದ್ಧಾಂತವನ್ನು ಕಟ್ಟಲಾಗದು. ಆದರೂ ಗದ್ದೆಯಲ್ಲಿ ಇಡಿಯಾಗಿದ್ದ ಹಾಡು ಪಟ್ಟಣದ ಎರಡು ಕೋಣೆಗಳಲ್ಲಿ ಅರ್ಧವಾಗುವುದು, ಅದರಲ್ಲಿಯೂ ಬಿಟ್ಟುಹೋದ ಅರ್ಧವು ಮರುಬಾಳಿನದೇ ಆಗಿರುವುದು, ಲೇಖನದ ಮೊದಲಲ್ಲಿ ಹೇಳಿದ ಹಿರಿಯರ ಮಾತಿನ ಬೇರನ್ನು ತೋರಿಸಿಕೊಡುವಂತಿದೆ. ಬಿಟ್ಟುಹೋದವಳ ದುಃಖವನ್ನು ಹಾಡಲು ಅಡ್ಡಿಯಿಲ್ಲ. ಆಕೆ ಮತ್ತೊಂದು ಮನೆಯಲ್ಲಿ ಸುಖವಾಗಿದ್ದಳೆಂಬುದನ್ನು ಹಾಡಲು ಸಂಕೋಚ. ಈ ಸಂಕೋಚವು ಪಾಡ್ದನದ್ದಲ್ಲ. ಪಾಡ್ದನದ ಸಿರಿಯನ್ನು ಬೋಳದಲ್ಲಿ ಯಾರೂ ಪೂರ್ವವೃತ್ತಾಂತಕ್ಕಾಗಿ ಹಳಿಯುವುದಿಲ್ಲ. ಸಾಮುವಿನ ಮುನಿಸು ಸವತಿಯೆಂಬುದಕ್ಕೆ, ಬಿಟ್ಟುಬಂದವಳೆಂಬುದಕ್ಕಲ್ಲ.

ಕಥೆಯ ಕಾಲನಿರ್ಣಯವನ್ನು ಕುರಿತು ಒಂದೆರಡು ಮಾತು. ಬಸರೂರು ಮಧ್ಯಯುಗದಲ್ಲಿ ಪ್ರಸಿದ್ಧವಾದ ಬಂದರು. ಪೋರ್ಚುಗೀಸರು ಬಾರ್ಸೆಲೋರ್ ಎಂದು ಕರೆದು ಕೋಟೆ ಕಟ್ಟಿದರು. 1665ರಲ್ಲಿ ಶಿವಾಜಿಯು ಸಮುದ್ರದ ಮೂಲಕ ಬಂದು ಅದನ್ನು ಸೂರೆಮಾಡಿದನು. ಪಾಡ್ದನದ ಬಸರೂರಿನಲ್ಲಿ ಹಡಗಿನ ಸುಳಿವಾಗಲಿ ಪರಂಗಿಯವರ ಸುಳಿವಾಗಲಿ ಮುಖ್ಯವಾಗಿಲ್ಲವೆಂದು ಕಥೆಯು ಅದಕ್ಕೂ ಹಿಂದಿನದೆಂದು ವಾದಿಸುವುದು ಸುಲಭ. ಅಂಥ ವಾದವನ್ನು ನಾವು ಮಾಡುವುದಿಲ್ಲ. ಮೌಖಿಕ ಕಾವ್ಯವು ತನಗೆ ಬೇಡದುದನ್ನು ಎಷ್ಟು ನಿರ್ದಾಕ್ಷಿಣ್ಯವಾಗಿ ಬಿಡಬಲ್ಲುದೆಂಬುದನ್ನು ಮುಲುಂಡಿನ ಪಾಠವೇ ತೋರಿಸಿದೆಯಲ್ಲವೆ? ಇದರಲ್ಲಿರುವ ಚರಿತ್ರೆಯು ತೇದಿಗಳದಲ್ಲ, ಕಟ್ಟಳೆಗಳದು.

ಕೊನೆಯದಾಗಿ ಅಬ್ಬಗ ದಾರಗರ ಸಂಗತಿ. ಬೆರ್ಮೆರಿಗೆ ಹೊತ್ತ ಹರಕೆಯನ್ನು ಸೊನ್ನೆಯೂ ಅವಳ ಗಂಡನೂ ತೀರಿಸದೆ ಹೋದುದರಿಂದ ಅವಳಿಗಳು ಚೆನ್ನೆಮಣೆಯ ಆಟದಲ್ಲಿ ಜಗಳವಾಡುತ್ತಾರೆ. ಒಬ್ಬಳು ಮಣೆಯಿಂದ ಹೊಡೆದು ಇನ್ನೊಬ್ಬಳನ್ನು ಕೊಂದು, ತಾನೂ ಬಾವಿಗೆ ಹಾರುತ್ತಾಳೆ. ಸಂತತಿಯು ಅಲ್ಲಿಗೆ ನಿಲ್ಲುತ್ತದೆ. ಒಡಹುಟ್ಟಿದ ಅಕ್ಕತಂಗಿಯರು ಎದುರುಬದುರಾಗಿ ಕುಳಿತು ಚೆನ್ನೆ ಆಡಬಾರದೆಂಬ ನಿಷೇಧವು ತುಳುನಾಡಿನ ಮನೆಗಳಲ್ಲಿ ಈ ಕಥೆಯಿಂದಲೇ ಬಂದಿದೆ. ಮುಲುಂಡ್ ಪೂರ್ವದ ಕೆಲವು ಮನೆಗಳ ಗಾಜಿನ ಕಪಾಟುಗಳಲ್ಲಿ ಈಗಲೂ ಚೆನ್ನೆಮಣೆಯನ್ನು ಅಲಂಕಾರಕ್ಕಾಗಿ ಇಟ್ಟಿರುವುದನ್ನು ಕಂಡಿದ್ದೇವೆ. ಆಟಿಯ ತಿಂಗಳಲ್ಲಿ ಅದನ್ನು ಹೊರತೆಗೆದು, ಮಂಜೊಟ್ಟಿಯ ಕಾಯಿಗಳಿಗೆ ಬದಲಾಗಿ ಹುಣಿಸೆಬೀಜಗಳನ್ನಿಟ್ಟು ಹೆಣ್ಣುಮಕ್ಕಳು ಆಡುತ್ತಾರೆ. ಸಿರಿಯ ಹೆಸರನ್ನು ಕೇಳಿರದ ಹುಡುಗಿಯರು ಕೂಡ, ಅಕ್ಕತಂಗಿಯರಾದರೆ, ಒಂದೇ ಮಣೆಗೆ ಕುಳಿತುಕೊಳ್ಳುವುದಿಲ್ಲ.